ಪರಿಸರಸ್ನೇಹಿ ಗ್ರಾಮೀಣ ಮನೆಗಳು (ಕರ್ನಾಟಕ)

ಕಟ್ಟುವ ಜಾಗದಲ್ಲೋ ಅದರ ಆಸುಪಾಸಿನಲ್ಲೋ ಸಿಗುವ ಮಣ್ಣು, ಕಲ್ಲು, ಹೆಂಚುಗಳನ್ನು ಮುಖ್ಯವಾಗಿ ನೆಚ್ಚಿ, ಸೌದೆ, ಸಿಮೆಂಟು, ಕಬ್ಬಿಣಗಳನ್ನು ಆದಷ್ಟು ಉಳಿಸಿ, ಊರಿನ ಬಿಸಿಲು ಮಳೆ ಗಾಳಿಗೆ ಹೊಂದುವಂತೆ ಕಟ್ಟಿದ ಹೊಸ ಹಳ್ಳಿಮನೆಗಳಿಗೆ ಈ ಹೆಸರು ಸಲ್ಲುತ್ತದೆ. ಕರ್ನಾಟಕದಲ್ಲಿ ಇಂಥ ಮನೆಗಳ ವ್ಯವಸ್ಥಿತ ಸಂಶೋಧನೆ 1970ರ ದಶಕದಲ್ಲಿ ತೊಡಗಿತು. ಅದರ ಪ್ರಯೋಗಶಾಲೆಯಾದದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿ. ಆ ಕೆಲಸದ ಮುಖ್ಯ ಫಲ ಯಂತ್ರದಲ್ಲಿ ಒತ್ತಿ ತೆಗೆದ, ಬೆಂಕಿ ಕಾಣದ ಮಣ್ಣಿನ ಇಟ್ಟಿಗೆ. ಗಾರೆ ಕೆಲಸದವರು ಅದನ್ನು ಮಡ್ ಬ್ಲಾಕ್ ಎನ್ನುತ್ತಾರೆ. ಹಳ್ಳಿಯ ಬಡವರಿಗೆಂದು ಹುಟ್ಟಿದ ಈ ವಿದ್ಯೆ ಹಳ್ಳಿಗಿಂತ ಬೆಂಗಳೂರಿನ ಬಡಾವಣೆಗಳಲ್ಲೇ ಹೆಚ್ಚು ನೆಲೆ ಕಂಡಿತು. ಅದರ ಗುಣದೋಷಗಳಷ್ಟೇ ಈ ಸ್ಥಳಾಂತರವೂ ವಿಚಾರಕ್ಕೆ ಯೋಗ್ಯವಾದದ್ದು.

ಹಿಂದಿನ ಮನೆಗಳು

ಒಂದು ಕಾಲಕ್ಕೆ ಗೋಡೆ ಮತ್ತು ಮಾಡನ್ನು ನೋಡಿ ಅದು ಯಾವ ಸೀಮೆಯ ಮನೆ ಎಂದು ಹೇಳಬಹುದಿತ್ತು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ. ನೆಲದೊಳಗಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಸುಡುವ ಹಂಗಿಲ್ಲ. ಮಲೆನಾಡಿನಲ್ಲಿ ದಪ್ಪ ಮಣ್ಣುಗೋಡೆ, ಅದರ ಮೇಲೆ ಮಳೆಯ ಎರಚಲು ತಾಗದಂತೆ ತಗ್ಗಿಗೆ ಚಾಚಿದ ಸೂರು. ಮೊದಲು ಹುಲ್ಲು ಮತ್ತು ಸೋಗೆ, ಆಮೇಲೆ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಮಂಗಳೂರು ಹೆಂಚು ಬಂತು. ಹಳೆ ಮೈಸೂರಿನ ಕಡೆ ನಡುವೆ ಬಯಲು ಬಿಟ್ಟ ತೊಟ್ಟಿಮನೆ. ಕೋಲಾರ, ದೇವನಹಳ್ಳಿಗಳ ಸುತ್ತ ಬಂಡೆಯಿಂದ ಎಬ್ಬಿಸಿದ ಕಲ್ಲುಚಪ್ಪಡಿಗಳೇ ಗೋಡೆ, ಅವೇ ಚಾವಣಿ. ಕಲಬುರಗಿಯಲ್ಲಿ ಶಹಾಬಾದ್ ಕಲ್ಲು. ಉತ್ತರದ ಬಯಲುಸೀಮೆಯಲ್ಲಿ ಕಲ್ಲು ಮಣ್ಣು ಕೂಡಿಸಿದ ದಪ್ಪ ಗೋಡೆ, ತೊಲೆ ಜಂತೆಗಳ ಮೇಲೆ ಹರಡಿ ಬಡಿದ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ.

ಇವೆಲ್ಲ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎಂಬುದು ನಿಜ. ಆದರೆ ಅವನ್ನು ಕೇವಲ ಹೊಗಳಿ ಮುಗಿಸುವುದು ಅಲ್ಲಿ ಬಾಳಿದವರಿಗೆ ಮಾಡುವ ಅನ್ಯಾಯ. ಪ್ರತಿ ಹಬ್ಬಕ್ಕೂ ಗೋಡೆ ಸಾರಿಸಿ, ನೆಲ ಬಳಿದು, ಬಿರುಕಿಗೆ ಮಣ್ಣು ಮೆತ್ತುವ ಕೆಲಸ ಬಹುತೇಕ ಹೆಂಗಸರದಾಗಿತ್ತು. ಗೆದ್ದಲು, ಇಲಿ, ಹೆಗ್ಗಣದ ಕಾಟ ಮುಗಿಯುತ್ತಿರಲಿಲ್ಲ. ಅಡುಗೆಮನೆಯ ಹೊಗೆ ಕಣ್ಣು ಮತ್ತು ಎದೆಗೆ ಹತ್ತುತ್ತಿತ್ತು. ಮಾಳಿಗೆಗೆ ಬೇಕಾದ ತೊಲೆಯ ಮರ ಕಾಡಿನಿಂದ ಸಿಗುವುದು ನಿಂತಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್ ಗಡಿಗೆ ಅಂಟಿದ ಲಾತೂರ್ ಜಿಲ್ಲೆಯ ಕಿಲ್ಲಾರಿ ಪ್ರದೇಶದಲ್ಲಿ ಭೂಮಿ ಕಂಪಿಸಿದಾಗ ಸಾವಿರಾರು ಜನ ಸತ್ತದ್ದು ಇಂಥದೇ ಮನೆಗಳ ಅಡಿಯಲ್ಲಿ. ದುಂಡುಕಲ್ಲನ್ನು ಮಣ್ಣಿನಲ್ಲಿ ಪೇರಿಸಿದ ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿರಲಿಲ್ಲ, ಮೇಲೆ ತಲೆತಲಾಂತರದಿಂದ ಹೇರುತ್ತ ಬಂದ ಮಣ್ಣಿನ ಭಾರವಿತ್ತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ನೆನೆದು ಕುಸಿದವು, ಅನೇಕ ಊರುಗಳನ್ನು ಬೇರೆಡೆಗೆ ಎತ್ತಿ ಕಟ್ಟಬೇಕಾಯಿತು. ಜನ ಮಣ್ಣನ್ನು ಬಿಟ್ಟು ಸಿಮೆಂಟಿಗೆ ಹೊರಳಿದ್ದು ಬರೀ ಶೋಕಿಯಿಂದಲ್ಲ.

ಉಂಗ್ರದ ಪ್ರಯೋಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ರಸಾಯನ ವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೂಟ ಹುಟ್ಟಿತು. ವಿಜ್ಞಾನ ತಂತ್ರಜ್ಞಾನಗಳನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಉದ್ದೇಶ. ಪ್ರಯೋಗಾಲಯದಲ್ಲಿ ಸಿದ್ಧಪಡಿಸಿ ಹಳ್ಳಿಗೆ ಕೊಂಡೊಯ್ಯುವ ಬದಲು ಹಳ್ಳಿಯಲ್ಲೇ ಕೂತು ಕಲಿಯಬೇಕೆಂದು ಉಂಗ್ರದಲ್ಲಿ ವಿಸ್ತರಣಾ ಕೇಂದ್ರವೊಂದನ್ನು ತೆರೆದರು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಯಾರು ಎಷ್ಟು ದೂರ ನಡೆದು ನೀರು ತರುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಅಳೆದರು. ಗೋಬರ್ ಗ್ಯಾಸಿನಿಂದ ವಿದ್ಯುತ್ತು ತೆಗೆದು ಊರಿಗೆ ದೀಪ ಮತ್ತು ಕುಡಿಯುವ ನೀರು ಒದಗಿಸಿದ ಪುರ ಗ್ರಾಮದ ಪ್ರಯೋಗ, ಮನೆಮಾತಾದ ಅಸ್ತ್ರ ಒಲೆ, ಮಣ್ಣಿನ ಇಟ್ಟಿಗೆ ಮೂರೂ ಆ ಅಧ್ಯಯನದ ಬೆನ್ನಲ್ಲೇ ಬಂದವು. ಅಸ್ತ್ರ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರು ಪಡೆಯಿತು.

ಮಣ್ಣಿನ ಕೆಲಸವನ್ನು ಮುನ್ನಡೆಸಿದವರು ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕೆ. ಎಸ್. ಜಗದೀಶ್. ಬಿ. ವಿ. ವೆಂಕಟರಾಮ ರೆಡ್ಡಿ ಮತ್ತಿತರರು ಅದನ್ನು ದಶಕಗಳ ಕಾಲ ಬೆಳೆಸಿದರು. ಮಣ್ಣಿಗೆ ಸಿಮೆಂಟು ಸೇರಿಸಿ ಮನೆ ಕಟ್ಟುವುದು ಅವರಿಗಿಂತ ಹಿಂದಿನದು. ದೇಶ ವಿಭಜನೆಯ ಬಳಿಕ ಕರ್ನಾಲ್‌ನಲ್ಲಿ ನಿರಾಶ್ರಿತರಿಗಾಗಿ ಹೀಗೆ ಮನೆಗಳೆದ್ದಿದ್ದವು. 1950ರ ದಶಕದಲ್ಲಿ ಕೊಲಂಬಿಯದ ಬೊಗೋಟದಲ್ಲಿ ರಾವುಲ್ ರಮಿರೆಸ್ ರೂಪಿಸಿದ ಸಿನ್ವಾ-ರಾಮ್ ಎಂಬ ಕೈಯೊತ್ತು ಯಂತ್ರ ಹಲವು ದೇಶಗಳಲ್ಲಿ ಓಡಾಡಿತ್ತು. ಅಸ್ತ್ರದವರ ಕೊಡುಗೆ ಬೇರೆ ಬಗೆಯದು. ನಮ್ಮ ಕೆಮ್ಮಣ್ಣಿಗೆ ಎಷ್ಟು ಮರಳು ಬೆರೆಸಬೇಕು, ಎಷ್ಟು ಸಿಮೆಂಟು ಸಾಕು, ನೆನೆದ ಮೇಲೆ ಇಟ್ಟಿಗೆಯ ಬಲ ಎಷ್ಟು ಉಳಿಯುತ್ತದೆ, ಒಂದೆರಡು ಅಂತಸ್ತಿನ ಭಾರ ಹೊರಬಲ್ಲದೇ ಎಂಬುದನ್ನೆಲ್ಲ ಪರೀಕ್ಷಿಸಿ ಲೆಕ್ಕಕ್ಕೆ ತಂದರು. ‘ಮರ್ದಿನಿ’ ಎಂಬ ಒತ್ತುಯಂತ್ರವನ್ನು ರೂಪಿಸಿದರು. ಗ್ರಾಮವಿದ್ಯಾ ಎಂಬ ಸಂಸ್ಥೆ ಗಾರೆಯವರಿಗೂ ಎಂಜಿನಿಯರುಗಳಿಗೂ ತರಬೇತಿ ಕೊಡುತ್ತ ಬಂತು.

ಮಣ್ಣಿನ ಆಯ್ಕೆ ಮತ್ತು ಇಟ್ಟಿಗೆಯ ತಯಾರಿ

ಎಲ್ಲ ಮಣ್ಣೂ ಇಟ್ಟಿಗೆಗೆ ಒದಗುವುದಿಲ್ಲ. ಮರಳಿನ ಪಾಲು ಮೂರನೇ ಎರಡರಷ್ಟಿದ್ದು, ಜೇಡಿ ಶೇಕಡಾ 10ರಿಂದ 15ರಷ್ಟಿದ್ದರೆ ಚೆನ್ನ. ತುಮಕೂರು, ಹಾಸನ, ಕೋಲಾರ, ಮಂಡ್ಯಗಳ ಕೆಮ್ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ. ಅದಕ್ಕೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಿ ಹದ ಮಾಡಿ, ಶೇಕಡಾ 6ರಿಂದ 8ರಷ್ಟು ಸಿಮೆಂಟು ಹಾಕಿದರೆ ಸಾಕು. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರುಗಳ ಎರೆಮಣ್ಣಿನ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಬಾಯ್ದೆರೆಯುವ ಆ ಮಣ್ಣನ್ನು ಪಳಗಿಸಲು ಸಿಮೆಂಟಿನ ಜೊತೆ ಸುಣ್ಣವೂ ಬೇಕು, ಮರಳೂ ಬಹಳ ಬೇಕು. ಹೊರಗಿನಿಂದ ಇಷ್ಟೆಲ್ಲ ತರುವುದಾದರೆ ಅಲ್ಲಿ ಕಲ್ಲಿನ ಗೋಡೆಯೇ ಮೇಲು ಎಂದು ಅನುಭವಸ್ಥರು ಹೇಳುತ್ತಾರೆ, ಆ ಮಾತು ಸರಿ. ಎರೆನೆಲದಲ್ಲಿ ಪಾಯದ ಚಿಂತೆಯೂ ಬೇರೆ. ಮಣ್ಣನ್ನು ತೋಡಿ ತೆಗೆದು ಗರಸು ತುಂಬಿ ಗಟ್ಟಿಸದೆ ಗೋಡೆ ಎಬ್ಬಿಸಿದರೆ ಬಿರುಕು ತಪ್ಪದು.

ಮಣ್ಣನ್ನು ಊರಲ್ಲೇ ಪರೀಕ್ಷಿಸುವ ಸರಳ ಕ್ರಮವಿದೆ. ಮೇಲ್ಪದರದ ಗೊಬ್ಬರದ ಮಣ್ಣನ್ನು ಪಕ್ಕಕ್ಕಿಟ್ಟು, ಅದರಡಿಯ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದರಷ್ಟು ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಬೇಕು. ತಳದಲ್ಲಿ ಮರಳು, ನಡುವೆ ನುಣುಪು ಮಣ್ಣು, ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಅಂದಾಜಿಗೆ ಇಷ್ಟು ಸಾಕು, ಮನೆ ಕಟ್ಟುವ ಮುನ್ನ ಪ್ರಯೋಗಾಲಯದ ಪರೀಕ್ಷೆಯೂ ಆಗಬೇಕು. ಮೇಲ್ಪದರದ ಮಣ್ಣು ಇಟ್ಟಿಗೆಗೆ ಬಾರದು, ಅದು ಹಿತ್ತಲಿಗೆ ಸೇರಬೇಕಾದದ್ದು. ಹೊಲದ ಫಲವತ್ತಾದ ಮೇಲ್ಮಣ್ಣನ್ನೋ ಕೆರೆಗೋಡನ್ನೋ ಸುಡುವ ನಾಡ ಇಟ್ಟಿಗೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೊಂದು.

ಜರಡಿ ಹಿಡಿದ ಮಣ್ಣಿಗೆ ಸಿಮೆಂಟನ್ನು ಒಣಗಿರುವಾಗಲೇ ಬೆರೆಸಿ, ಆಮೇಲೆ ನೀರು ಚಿಮುಕಿಸುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು, ಅದೇ ಹದ. ತೂಕ ಮಾಡಿದ ಮಣ್ಣನ್ನು ಅಚ್ಚಿಗೆ ಸುರಿದು ಸನ್ನೆಕೋಲನ್ನು ಒತ್ತಿದರೆ ಇಟ್ಟಿಗೆ ಸಿದ್ಧ. ಸಾಮಾನ್ಯ ಅಳತೆಗಳು ಎರಡು: 230 x 190 x 100 ಮಿ.ಮೀ. ಮತ್ತು 305 x 143 x 100 ಮಿ.ಮೀ. ಐದಾರು ಜನರ ತಂಡ ದಿನಕ್ಕೆ ಐನೂರರ ಆಸುಪಾಸು ತೆಗೆಯಬಹುದು. ಒತ್ತಿದ ಇಟ್ಟಿಗೆಯನ್ನು ನೆರಳಿನಲ್ಲಿ ಪೇರಿಸಿ, ಹುಲ್ಲನ್ನೋ ಗೋಣಿಯನ್ನೋ ಹೊದಿಸಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ಹದಗೊಳಿಸಬೇಕು. ಕೆಟ್ಟ ಇಟ್ಟಿಗೆಗಳು ಹುಟ್ಟುವುದು ಬಹುಮಟ್ಟಿಗೆ ಈ ಹಂತದಲ್ಲೇ. ಬೇಸಿಗೆಯಲ್ಲಿ ನೀರಿಗೆ ತತ್ವಾರವಿರುವ ಊರಿನಲ್ಲಿ ನಾಲ್ಕನೇ ದಿನಕ್ಕೆ ನೀರು ಹಾಕುವುದು ನಿಂತುಬಿಡುತ್ತದೆ, ಮುಂದಿನ ಮಳೆಗಾಲದಲ್ಲಿ ಗೋಡೆಯ ಮೈ ಉದುರುತ್ತದೆ, ದೂರು ಮಣ್ಣಿನ ಮೇಲೆ ಬರುತ್ತದೆ. ಈ ಇಟ್ಟಿಗೆಗೆ ಇರಬೇಕಾದ ಗುಣಗಳನ್ನು ಭಾರತೀಯ ಮಾನಕ ಐಎಸ್ 1725 ಗೊತ್ತುಪಡಿಸಿದೆ. ಅದನ್ನು 2013ರಲ್ಲಿ ಪರಿಷ್ಕರಿಸಲಾಯಿತು.

ಉಳಿತಾಯದ ಲೆಕ್ಕ

ಒಂದು ನಾಡ ಇಟ್ಟಿಗೆ ಸುಡಲು ಸರಾಸರಿ 4.25 ಮೆಗಾಜೂಲ್ ಶಾಖ ಬೇಕು, ಅಂದರೆ ಹೆಚ್ಚುಕಡಿಮೆ ಕಾಲು ಕಿಲೋ ಸೌದೆ. ಸಣ್ಣ ಮನೆಯೊಂದರ ಗೋಡೆಗೆ 10,000 ಇಟ್ಟಿಗೆ ಎಂದಿಟ್ಟುಕೊಂಡರೆ ಎರಡೂವರೆ ಟನ್ ಮರ ಗೂಡಿಗೆ ಬೀಳುತ್ತದೆ. ಎರಡೂವರೆ ನಾಡ ಇಟ್ಟಿಗೆಯ ಜಾಗ ತುಂಬುವ, ಶೇಕಡಾ 6ರ ಸಿಮೆಂಟಿನ ಮಣ್ಣಿನ ಇಟ್ಟಿಗೆಗೆ ತಗಲುವುದು 2.6 ಮೆಗಾಜೂಲ್. ಅಷ್ಟೇ ಗೋಡೆಗೆ ಸುಮಾರು ಕಾಲುಭಾಗದ ಶಕ್ತಿ ಸಾಕು ಎಂದಾಯಿತು, ಅದರ ಬಹುಪಾಲು ಸಿಮೆಂಟಿನ ಖಾತೆಯದು. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಡೀ ಕಟ್ಟಡಗಳ ಹೋಲಿಕೆಯಿದೆ. ಕಾಂಕ್ರೀಟ್ ಕಂಬ ತೊಲೆಗಳ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಗೋಡೆಯೇ ಭಾರ ಹೊರುವ ಸುಟ್ಟ ಇಟ್ಟಿಗೆಯ ಎರಡಂತಸ್ತಿನ ಮನೆಗೆ 2.92, ಮಣ್ಣಿನ ಇಟ್ಟಿಗೆಯ ಗೋಡೆ ಹಾಗೂ ಮಿತವ್ಯಯದ ಚಾವಣಿಯ ಮನೆಗೆ 1.61.

ಈ ಲೆಕ್ಕದಿಂದ ಹೊರಡುವ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದಂತಸ್ತಿನ ಹಳ್ಳಿಮನೆಗೆ ಕಾಂಕ್ರೀಟ್ ಕಂಬಗಳು ಸಾಮಾನ್ಯವಾಗಿ ಅನವಶ್ಯಕ. ಹಳ್ಳಿಗಳಲ್ಲಿ ಎರಡು ಕೋಣೆಯ ಮನೆಗೂ ಈಗ ಕಂಬ ಎತ್ತಿಸಿ, ನಡುವಿನ ಜಾಗವನ್ನು ಸಿಮೆಂಟ್ ಬ್ಲಾಕಿನಿಂದ ತುಂಬುವ ರೂಢಿ ಬಂದಿದೆ. ಭಾರ ಹೊರಬಲ್ಲ ಗೋಡೆಯನ್ನು ಬರೀ ಮರೆಯ ತಡಿಕೆಯಾಗಿ ನಿಲ್ಲಿಸುವ ಈ ಕ್ರಮ ದುಡ್ಡಿಗೂ ಪರಿಸರಕ್ಕೂ ದಂಡ. ಕಂಬದ ಬದಲು ಪಾಯದ ಮೇಲೆ, ಬಾಗಿಲ ಮಟ್ಟದಲ್ಲಿ, ಚಾವಣಿಯ ಕೆಳಗೆ ಮನೆಯ ಸುತ್ತ ತೆಳುವಾದ ಕಾಂಕ್ರೀಟ್ ಪಟ್ಟಿ ಓಡಿಸಿದರೆ ಗೋಡೆಗಳು ಒಟ್ಟಾಗಿ ನಿಲ್ಲುತ್ತವೆ. ಕಿಲ್ಲಾರಿಯ ಮನೆಗಳಲ್ಲಿ ಇಲ್ಲದ್ದು ಇಂಥ ಬಿಗಿತ. ಮಣ್ಣಿನ ಕಟ್ಟಡಗಳ ಭೂಕಂಪ ರಕ್ಷಣೆಗೆಂದೇ 1993ರಲ್ಲಿ ಐಎಸ್ 13827 ಎಂಬ ಮಾರ್ಗದರ್ಶಿ ಹೊರಬಂದಿದೆ.

ಚಾವಣಿ

ಗೋಡೆಗಿಂತ ಚಾವಣಿ ಕಠಿಣ ಸಮಸ್ಯೆ. ಬಯಲುಸೀಮೆಯಲ್ಲಿ ಏಪ್ರಿಲ್‌ ತಿಂಗಳ ಕಾಂಕ್ರೀಟ್ ತಾರಸಿ ಹಗಲಿಡೀ ಹೀರಿದ ಕಾವನ್ನು ರಾತ್ರಿ ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಶೀಟಿನ ಮನೆಯಲ್ಲಿ ಮಧ್ಯಾಹ್ನ ಕೂರಲಾಗದು. ಕೇರಳದಲ್ಲಿ ನೆಲೆಸಿ ಅಗ್ಗದ, ಚೆಂದದ ಮನೆಗಳನ್ನು ಕಟ್ಟಿದ ಲಾರಿ ಬೇಕರ್ (1917-2007) ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ಇಲ್ಲಿ ನೆರವಿಗೆ ಬರುತ್ತದೆ. ತಾರಸಿಯ ಕೆಳಭಾಗದ ಕಾಂಕ್ರೀಟು ಬಲಕ್ಕೆ ಅಷ್ಟಾಗಿ ಒದಗದ ಕಾರಣ, ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಆ ಜಾಗ ತುಂಬುತ್ತಾರೆ. ಕಾಂಕ್ರೀಟು ಉಳಿಯುತ್ತದೆ, ಎರಡು ಹೆಂಚುಗಳ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ, ಒಳಗಿನಿಂದ ನೋಡಲೂ ಚೆಂದ. ಹೆಂಚಿನ ಮನೆಗಳನ್ನು ಕೆಡವುತ್ತಿರುವ ಊರುಗಳಲ್ಲಿ ಹಳೆಯ ಹೆಂಚು ಬೇಕಾದಷ್ಟು ಸಿಗುತ್ತದೆ. ಮಣ್ಣಿನ ಇಟ್ಟಿಗೆಯಲ್ಲೇ ಕಮಾನು ಕಟ್ಟಿ ಚಾವಣಿ ಮುಚ್ಚುವ ವಿಧಾನವೂ ಇದೆ. ಆರೋವಿಲ್‌ನಲ್ಲಿ 1989ರಿಂದ ಕೆಲಸ ಮಾಡುತ್ತಿರುವ ಭೂ ಸಂಸ್ಥೆ ಇದರಲ್ಲಿ ಬಹುದೂರ ಸಾಗಿದೆ. ನುರಿತ ಕೈ ಬೇಡುವ ಈ ಕೆಲಸ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಪರೂಪ.

ಮಲೆನಾಡು, ಕರಾವಳಿಗಳಲ್ಲಿ ಹೆಂಚಿನ ಇಳಿಜಾರು ಮಾಡಿಗೆ ಸಾಟಿಯಿಲ್ಲ. ಅಲ್ಲಿ ಸೂರು ಗೋಡೆಯಿಂದ ಎರಡು ಮೂರು ಅಡಿ ಮುಂದೆ ಚಾಚಲೇಬೇಕು. ಮಣ್ಣಿನ ಗೋಡೆಗೆ ಕಲ್ಲಿನ ಎತ್ತರದ ಪಾಯವೂ ಅಗಲ ಸೂರೂ ಇದ್ದರೆ ಮಳೆಯ ಭಯ ಬಹುಪಾಲು ಕಳೆಯುತ್ತದೆ. ಮರ ದುಬಾರಿಯಾದ ಕಡೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದಲ್ಲಿ ನೆನೆಸಿ ಹುಳು ಹಿಡಿಯದಂತೆ ಮಾಡಿದ ಬಿದಿರನ್ನು ಬಳಸಬಹುದು. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ಕಾನೂನು ತಿದ್ದುಪಡಿ ಮರದ ಪಟ್ಟಿಯಿಂದ ಕೈಬಿಟ್ಟಿರುವುದರಿಂದ ರೈತರಿಗೆ ಅದನ್ನು ಬೆಳೆದು ಕಡಿಯುವುದು ಸಲೀಸಾಗಿದೆ.

ಬಿಸಿಲು, ನೀರು, ಒಲೆ

ಮನೆಯ ದಿಕ್ಕು ಖರ್ಚಿಲ್ಲದ ತಂಪು. ಪಡುವಣದ ಇಳಿಬಿಸಿಲು ಎಲ್ಲಕ್ಕಿಂತ ಸುಡುವಂಥದು. ಆ ಕಡೆಗೆ ಉಗ್ರಾಣ, ಬಚ್ಚಲು ಇಟ್ಟು ಹೊರಗೆ ಮರ ನೆಟ್ಟರೆ ಮಲಗುವ ಕೋಣೆ ಉಳಿಯುತ್ತದೆ. ಉತ್ತರ ಭಾರತದ ಪಠ್ಯಗಳನ್ನು ನೋಡಿ ಉತ್ತರದ ಗೋಡೆಗೆ ಬಿಸಿಲೇ ಬೀಳದೆಂದು ನಂಬುವವರುಂಟು. ತುಮಕೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಹಾಗಾಗಿ ಆ ಬದಿಗೂ ಸಜ್ಜ ಬೇಕು.

60 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 650 ಮಿ.ಮೀ. ಮಳೆ ಬಿದ್ದರೆ 39,000 ಲೀಟರ್ ನೀರಾಯಿತು, ಐದನೇ ಒಂದು ಪಾಲು ಪೋಲಾದರೂ 31,000 ಲೀಟರ್ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿದರೆ ಆರು ತಿಂಗಳ ಒಣಗಾಲಕ್ಕೆ 7,200 ಲೀಟರಿನ ತೊಟ್ಟಿ ಸಾಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ತುಂಬಿ ಹಲ್ಲು, ಮೂಳೆಗಳು ಕೆಡುತ್ತಿರುವ ಪಾವಗಡದಂಥ ತಾಲ್ಲೂಕುಗಳಲ್ಲಿ ಈ ತೊಟ್ಟಿ ಮನೆಯ ಮಕ್ಕಳ ಆರೋಗ್ಯದ ಪ್ರಶ್ನೆ. ಪಾಯ ತೋಡುವಾಗಲೇ ತೊಟ್ಟಿಯನ್ನೂ ತೋಡಿ, ಆ ಮಣ್ಣಿನಲ್ಲೇ ಇಟ್ಟಿಗೆ ಒತ್ತುವುದು ಜಾಣತನ.

ಹೊಗೆಯನ್ನು ಕೊಳವೆಯಿಂದ ಹೊರಹಾಕುವ, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯಿಸುವ ಅಸ್ತ್ರ ಒಲೆ 1980ರ ದಶಕದಲ್ಲಿ ರಾಜ್ಯದ ತುಂಬ ಹರಡಿತು. ಗ್ಯಾಸ್ ಸಿಲಿಂಡರು ಬಂದ ಮೇಲೂ ನೀರು ಕಾಯಿಸಲು, ಮುದ್ದೆ ಬೇಯಿಸಲು ಸೌದೆ ಉರಿಸುವ ಮನೆಗಳಿವೆ, ಅಲ್ಲೆಲ್ಲ ಹೊಗೆಕೊಳವೆ ಈಗಲೂ ಬೇಕು. ಹಸುಗಳಿರುವ ಮನೆಗೆ ಗೋಬರ್ ಗ್ಯಾಸು, ಎರಡು ಗುಂಡಿಗಳನ್ನು ಸರದಿಯಲ್ಲಿ ಬಳಸುವ ಶೌಚಾಲಯ ಒಪ್ಪುತ್ತವೆ. ಸೌರದೀಪಗಳನ್ನು ಸಾಲದ ಕಂತಿನಲ್ಲಿ ಹಳ್ಳಿಮನೆಗೆ ತಲುಪಿಸಿದ ಸೆಲ್ಕೋ ಸಂಸ್ಥೆ 1995ರಲ್ಲಿ ಆರಂಭವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ವಸತಿ ಯೋಜನೆಗಳು ಮತ್ತು ಮಣ್ಣು

ಹಳ್ಳಿಗಳಲ್ಲಿ ಹೊಸಮನೆ ಹೇಗಿರಬೇಕೆಂಬುದನ್ನು ಸರ್ಕಾರಿ ಯೋಜನೆಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ರಾಜ್ಯದ ಆಶ್ರಯ ಯೋಜನೆ 1991-92ರಲ್ಲಿ ಬಂತು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲಿ ಸ್ಥಾಪನೆಯಾಯಿತು. ಕೇಂದ್ರದ ಇಂದಿರಾ ಆವಾಸ್ ಯೋಜನೆಯನ್ನು 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಆಗಿ ಮಾರ್ಪಡಿಸಿ, ಕನಿಷ್ಠ ವಿಸ್ತೀರ್ಣವನ್ನು 20ರಿಂದ 25 ಚದರ ಮೀಟರಿಗೆ ಏರಿಸಲಾಯಿತು. ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವು ನಿಗದಿಯಾಯಿತು. ಫಲಾನುಭವಿಗಳ ಆಯ್ಕೆಗೆ ಆಧಾರವಾದ 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಮಣ್ಣಿನಂಥ ವಸ್ತುವಿನ ಗೋಡೆ ಮತ್ತು ಕಚ್ಚಾ ಚಾವಣಿ ಬಡತನದ ಗುರುತುಗಳು. ಹಸಿಮಣ್ಣಿನ ಕುಸಿಯುವ ಗೋಡೆಯ ಮಟ್ಟಿಗೆ ಅದು ನ್ಯಾಯವೇ. ಆದರೆ ಹಳ್ಳಿಯ ಮನಸ್ಸಿನಲ್ಲಿ ಒತ್ತಿ ಹದಗೊಳಿಸಿದ, ಮಾನಕಕ್ಕೆ ಒಳಪಟ್ಟ ಇಟ್ಟಿಗೆಯೂ ಅದೇ ಸಾಲಿಗೆ ಸೇರುತ್ತದೆ. ಮಣ್ಣಿನ ಮನೆಯಿಂದ ಪಾರಾಗಲೆಂದು ಅರ್ಜಿ ಹಾಕಿದವರಿಗೆ ಮತ್ತೆ ಮಣ್ಣಿನ ಮನೆ ಎಂದರೆ ಅವಮಾನವೆನಿಸುವುದು ಸಹಜ. ಮಗಳಿಗೆ ಗಂಡು ನೋಡುವಾಗ, ಸೊಸೆ ತರುವಾಗ ಮೊದಲು ಕೇಳುವುದು ಆರ್‌ಸಿಸಿ ಮನೆಯೇ ಎಂದು.

ಇತ್ತ ಬೆಂಗಳೂರಿನಲ್ಲಿ ಓದಿದವರು, ಅನುಕೂಲಸ್ಥರು ಸಾರಣೆಯಿಲ್ಲದ ಮಣ್ಣಿನ ಗೋಡೆಯನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಅವರಿಗೆ ವಾಸ್ತುಶಿಲ್ಪಿಯಿದ್ದಾರೆ, ಮಣ್ಣಿನ ಪರೀಕ್ಷೆಯಿದೆ, ಪಳಗಿದ ಗಾರೆಯವರಿದ್ದಾರೆ, ಇಟ್ಟಿಗೆ ಹದಗೊಳ್ಳಲು ತಿಂಗಳು ಕಾಯುವ ವ್ಯವಧಾನವಿದೆ. ಹಳ್ಳಿಯವನಿಗೆ ಕಂತು ಬಂದ ದಿನವೇ ಕೆಲಸ ಶುರುವಾಗಬೇಕು, ಫೋಟೊ ಏರಿಸಿದರೆ ಮಾತ್ರ ಮುಂದಿನ ಕಂತು. ಫೋನು ಮಾಡಿದರೆ ಸಿಮೆಂಟ್ ಬ್ಲಾಕಿನ ಲಾರಿ ಸಂಜೆಗೆ ಬಾಗಿಲಿಗೆ ಬರುತ್ತದೆ. ಕೊಲ್ಲಂನಲ್ಲಿ 1986ರಲ್ಲಿ ಹುಟ್ಟಿ ದೇಶಕ್ಕೆ ಮಾದರಿಯಾದ ನಿರ್ಮಿತಿ ಕೇಂದ್ರಗಳ ಮೂಲ ಉದ್ದೇಶ ಈ ಕೊರತೆಯನ್ನು ತುಂಬುವುದೇ ಆಗಿತ್ತು. ಸ್ಥಳೀಯ ವಸ್ತು, ಸ್ಥಳೀಯ ಗಾರೆಯವರ ತರಬೇತಿ, ಕಣ್ಣಿಗೆ ಕಾಣುವ ಮಾದರಿ ಮನೆ ಅವುಗಳ ಕೆಲಸ. ಕರ್ನಾಟಕದ ಜಿಲ್ಲೆಗಳಲ್ಲೂ ಅವು ಸ್ಥಾಪನೆಯಾದವು.

ಹಳ್ಳಿಯಲ್ಲಿ ಮಣ್ಣಿನ ಇಟ್ಟಿಗೆ ಗೆಲ್ಲಬೇಕಾದರೆ ಒಂಟಿ ಮನೆಯಿಂದ ಆಗದು. ಪಂಚಾಯತಿಗೊಂದು ಒತ್ತುಯಂತ್ರ, ನೆರಳಿನ ಚಪ್ಪರ, ತರಬೇತಾದ ಒಂದು ತಂಡವಿದ್ದು ಮುಂಚಿತವಾಗಿ ಇಟ್ಟಿಗೆ ಒತ್ತಿ ಹದಗೊಳಿಸಿಟ್ಟರೆ ಲಾರಿಯ ಬ್ಲಾಕಿಗೆ ಅದು ಎದುರು ನಿಲ್ಲಬಲ್ಲದು. ಆಗ ಗೋಡೆಯ ಖರ್ಚಿನ ದೊಡ್ಡ ಪಾಲು ಊರಿನವರ ಕೂಲಿಯಾಗಿ ಊರಲ್ಲೇ ಉಳಿಯುತ್ತದೆ. ಶಾಲೆ, ಅಂಗನವಾಡಿ, ಪಂಚಾಯತಿ ಕಚೇರಿಗಳನ್ನು ಮೊದಲು ಇದರಲ್ಲಿ ಕಟ್ಟಿದರೆ ಜನ ಮುಟ್ಟಿ ನೋಡಿ ನಂಬುತ್ತಾರೆ. ಮನೆ ಕಟ್ಟಲಿರುವ ಕೆಮ್ಮಣ್ಣಿನ ಸೀಮೆಯ ಓದುಗರು ಪಾಯದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿಸುವ ಮುನ್ನ ಒಂದು ಬಾಟಲಿಯಷ್ಟು ತೆಗೆದಿಟ್ಟು ಪರೀಕ್ಷಿಸಿಕೊಳ್ಳಬೇಕು, ಮತ್ತು ಗೋಡೆ ಏಳುವುದಕ್ಕೆ ಎರಡು ತಿಂಗಳು ಮುಂಚೆಯೇ ಇಟ್ಟಿಗೆಯ ಕೆಲಸ ಹಿಡಿಯಬೇಕು.